ರಿಲೀವರ್ ಬರುವ ತನಕ

ಅವತ್ತು ಎರಡು ಗಂಟೆಗೆ ಇನ್ನೂ ಹೊತ್ತಿರುವಾಗಲೇ ಅವನು ಬಂದ. ಯಾವತ್ತೂ ಹಾಗೆಯೇ. ದಾಂಡೇಲಿಯ ಅಂಬೇವಾಡಿಯ ಆ ಓಣಿಯಲ್ಲಿ ಮಧ್ಯಾಹ್ನ ಸದ್ದು ಕಡಿಮೆ, ಹಾಗಾಗಿ ಅವನ ಚಪ್ಪಲಿ ತಿರುವಿನಲ್ಲೇ ಕೇಳಿಸುತ್ತಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಹೆಗಲ ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಒಳಗೆ ಬಂದ. ಮಂಚದ ಮೇಲೆ ನಮ್ಮ ಹಳೆಯ ಫೋರ್‌ಮನ್ ಸಾಹೇಬರು ನಿದ್ದೆಯಲ್ಲಿದ್ದರು. ಅವರ ಹಣೆಯ ಮೇಲೆ ಅಂಗೈ ಇಟ್ಟು ನೋಡಿದ. ಕಾಗದದ ಮಿಲ್ಲಿನಲ್ಲಿ ಡ್ಯೂಟಿಗೆ ಬಂದ ಕೂಡಲೇ ಬೇರಿಂಗ್ ಬಿಸಿಯಾಗಿದೆಯೇ ಎಂದು ಮಷೀನಿನ ಮೈಮೇಲೆ ಹೀಗೆಯೇ ಅಂಗೈ ಇಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ಗದ್ದ ಎತ್ತಿದ. ಹೇಳು ಅಂತ.

ನಾನು ಹೇಳಿದೆ. ಗಂಜಿ ಕುಡಿದಿದ್ದಾರೆ, ಗುಳಿಗೆ ಆಗಿದೆ, ಎಡಮಗ್ಗುಲಿಗೆ ಹೊರಳಿಸಿ ಬಹಳ ಹೊತ್ತಾಗಿಲ್ಲ, ಬೆನ್ನಿನ ಮೇಲಿನ ಕೆಂಪು ಇಳಿಯುತ್ತಿದೆ. ಅವನು ಒಂದೊಂದಕ್ಕೂ ತಲೆ ಆಡಿಸಿದ. ಕಡೆಗೆ ಯಾವತ್ತಿನ ಹಾಗೆ ಕೇಳಿದ.

"ಮತ್ತ ನಿಂದು?"

ಮೊಣಕಾಲು ಹಿಡಿದುಕೊಂಡಿದೆ ಅಂದೆ.

"ಅದು ನಿನಗಿಂತ ಮೊದ್ಲ ರಿಟೈರ್ ಆಗೇತಿ. ನೀನ ಅದನ್ನ ದಿನಾ ಡ್ಯೂಟಿಗೆ ಎಳಕೊಂಡು ಬರ್ತಿ."

ನಾನು ನಕ್ಕು ಕುರ್ಚಿ ಬಿಟ್ಟೆ. ಅವನು ಕೂತ. ಟವೆಲ್ಲಿನ ಗಂಟಿನಲ್ಲಿ ಹಳಿಯಾಳದ ಕಡೆಯ ಶೇಂಗಾ ತಂದಿದ್ದ, ಹಿಡಿಯಷ್ಟು ನನ್ನ ಕಿಸೆಗೆ ಸುರಿದ. ದಾರಿಯಲ್ಲಿ ಅದನ್ನು ತಿನ್ನುತ್ತ ಮನೆಗೆ ಹೋದೆ. ಅಷ್ಟೇ. ಆ ದಿನದಲ್ಲಿ ಬೇರೇನೂ ಇರಲಿಲ್ಲ.

ಅವನು ನನ್ನ ರಿಲೀವರ್. ಮಿಲ್ಲಿನಲ್ಲಿ ಕೆಲಸ ಮಾಡದವರಿಗೆ ಈ ಮಾತಿನ ತೂಕ ತಿಳಿಯುವುದು ಕಷ್ಟ. ಕಾಗದದ ಮಷೀನು ನಿಲ್ಲುವುದಿಲ್ಲ. ಹಬ್ಬವಿರಲಿ, ಮಳೆಯಿರಲಿ, ಅದು ತಿರುಗುತ್ತಲೇ ಇರಬೇಕು. ಆದ್ದರಿಂದ ನಮ್ಮ ಶಿಫ್ಟು ಮಿಲ್ಲಿನ ಭೋಂಗಾ ಕೂಗಿದಾಗ ಮುಗಿಯುತ್ತಿರಲಿಲ್ಲ. ನಮ್ಮ ಜಾಗಕ್ಕೆ ಬರುವವನು ಬಂದು ನಿಂತಾಗ ಮುಗಿಯುತ್ತಿತ್ತು. ಅವನು ಬರದೆ ನಾವು ಜಾಗ ಬಿಡುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಶಿಫ್ಟು ಬದಲಾಗುತ್ತಿತ್ತು. ಆದರೆ ನನ್ನ ಹಿಂದೆ ಬರುತ್ತಿದ್ದವನು ಯಾವಾಗಲೂ ಅವನೇ. ಹರೆಯದಿಂದ ಕೂದಲು ಬೆಳ್ಳಗಾಗುವವರೆಗೆ ಅವನೇ.

ಹೀಗಾಗಿ ನಮ್ಮ ಗೆಳೆತನವೆಲ್ಲ ಶಿಫ್ಟು ಬದಲಾಗುವ ಆ ಹತ್ತು ನಿಮಿಷದಲ್ಲಿ ನಡೆಯಿತು. ನಾನು ಮನೆಯಲ್ಲಿದ್ದಾಗ ಅವನು ಮಷೀನಿನ ಮುಂದೆ ಇರುತ್ತಿದ್ದ. ನನ್ನ ಮದುವೆಗೆ ಅವನು ಬರಲಿಲ್ಲ, ನನ್ನ ಜಾಗದಲ್ಲಿ ಡಬಲ್ ಡ್ಯೂಟಿ ಮಾಡುತ್ತಿದ್ದ. ಅವನ ಮದುವೆಗೆ ನಾನು ಹೋಗಲಿಲ್ಲ, ಕಾರಣ ಅದೇ. ಅವನ ಮಗಳು ಹುಟ್ಟಿದ್ದನ್ನು ಮಷೀನಿನ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಹೇಳಿದ್ದ. ನನ್ನ ಅವ್ವ ತೀರಿಕೊಂಡ ಮರುವಾರ ಕೆಲಸಕ್ಕೆ ಹೋದಾಗ, ಮಷೀನಿನ ಸುದ್ದಿ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಅವನು "ಮತ್ತ ನಿಂದು?" ಅಂದದ್ದು. ಮೊದಲು ಮಷೀನು, ಆಮೇಲೆ ಮನುಷ್ಯ. ಅದು ಅವನ ರೀತಿ. ಆದರೆ ಮನುಷ್ಯನನ್ನು ಒಂದು ದಿನವೂ ಮರೆತವನಲ್ಲ.

ನಿವೃತ್ತಿಯಾದ ಮೇಲೆ ಇಬ್ಬರೂ ಊರಿನ ಹಿರಿಯರ ಸಂಘಕ್ಕೆ ಹೋಗತೊಡಗಿದೆವು. ಗುಡಿಯ ಹಿಂದಿನ ಒಂದು ಕೋಣೆ, ಎರಡು ಬೆಂಚು, ಬಿಪಿ ನೋಡುವ ಯಂತ್ರ, ಚಹಾದ ಸ್ಟೌ. ಒಬ್ಬಂಟಿ ಮುದುಕರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವುದು, ದವಾಖಾನೆಯಲ್ಲಿ ಜೊತೆಗೆ ಕೂಡುವುದು, ಕಣ್ಣು ಕಾಣದವರಿಗೆ ಪೇಪರ್ ಓದಿ ಹೇಳುವುದು, ಇಂಥ ಕೆಲಸ. ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಅಕ್ಕೋರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ನಮ್ಮನ್ನೂ ಎರಡನೇ ಇಯತ್ತೆಯ ಹುಡುಗರಂತೆಯೇ ಗದರಿಸುತ್ತಿದ್ದರು. ಅಲ್ಲಿ ನಾವಿಬ್ಬರೂ ಮೊದಲ ಬಾರಿಗೆ ಒಂದೇ ಬೆಂಚಿನ ಮೇಲೆ ಕೂತೆವು. ಹತ್ತು ನಿಮಿಷ ಮಾತಾಡಿದೆವು. ಆಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಗೋಡೆಯ ಕ್ಯಾಲೆಂಡರ್ ನೋಡಿದ, ನಾನು ನನ್ನ ಉಗುರು ನೋಡಿಕೊಂಡೆ. ಗಂಡ ಹೆಂಡತಿ ಜಗಳಾಡಿ ಕೂತಂಗ ಕುಂತಾರ ನೋಡ್ರಿ ಅಂತ ಅಕ್ಕೋರು ಎಲ್ಲರಿಗೂ ತೋರಿಸಿ ನಕ್ಕಿದ್ದರು.

ಅಷ್ಟರಲ್ಲಿ ಫೋರ್‌ಮನ್ ಸಾಹೇಬರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಗ ಟ್ರಕ್ ಓಡಿಸುತ್ತಾನೆ, ವಾರದಲ್ಲಿ ಮನೆಯಲ್ಲಿರುವುದೇ ಅಪರೂಪ. ಸೊಸೆ ಗಣೇಶಗುಡಿಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಅವಳು ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಮುಂಡಗೋಡದಲ್ಲಿರುವ ಮಗಳು ಬಂದು, ನಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಸಾಹೇಬರು ಎಡಗೈ ಎತ್ತಿ ಮುಷ್ಟಿ ಹಿಡಿದರು. ಒಲ್ಲೆ ಅಂತ. ಆ ಮನೆಯನ್ನು ಅವರು ಒಂದೊಂದೇ ಕೋಣೆಯಾಗಿ ಕಟ್ಟಿಸಿದ್ದರು, ಅಲ್ಲಿಂದ ಏಳಲು ಅವರಿಗೆ ಮನಸ್ಸಿರಲಿಲ್ಲ. ಹಗಲು ಯಾರಾದರೂ ಕೂತರೆ ಮಾತ್ರ ಅವರು ಅಲ್ಲಿ ಉಳಿಯುವ ಹಾಗಿತ್ತು. ಸಂಘದಲ್ಲಿ ಅಕ್ಕೋರು ಯಾರು ಕೂಡುತ್ತೀರಿ ಎಂದು ಕೇಳಿದಾಗ ನನ್ನ ಗೆಳೆಯ, ಶಿಫ್ಟ್ ಹಚ್ಚಿರಿ, ಮುಂಜಾನೆ ಇವನು, ಎರಡರ ಮೇಲೆ ನಾನು, ಅಂದುಬಿಟ್ಟ. ನನ್ನನ್ನು ಕೇಳಲೂ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಮತ್ತೆ ನಮ್ಮ ಹತ್ತು ನಿಮಿಷ ನಮಗೆ ಸಿಕ್ಕಿತ್ತು.

ಮೊದಲ ವಾರ ಒಂದು ಮೋಜು ನಡೆಯಿತು. ಸೊಸೆ ಸಂಘಕ್ಕೆ ಬಂದು ಕಣ್ಣೀರು ಹಾಕಿದಳು. ಎಷ್ಟು ಮಾಡಿದರೂ ಮಾವ ಮುಷ್ಟಿ ತೋರಿಸಿ ಹೆದರಿಸುತ್ತಾರೆ ಅಂದಳು. ಗೆಳೆಯ ಅವಳ ಜೊತೆ ಹೋಗಿ ಬಾಗಿಲಲ್ಲಿ ನಿಂತು ನೋಡಿದ.

"ಸಿಟ್ಟಿಗೆದ್ದಿಲ್ಲವ್ವಾ ಅವ್ರು. ಫ್ಯಾನ್ ಬಂದ್ ಮಾಡು ಅನ್ನಾಕತ್ತಾರ."

ಮಷೀನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ನಾವೆಲ್ಲ ಕೈಯಲ್ಲೇ ಮಾತಾಡಿದವರು. ಅಂಗೈ ಚಪ್ಪಟೆ ಮಾಡಿ ಆಡಿಸಿದರೆ ಸರಿ ನಡೆದಿದೆ ಎಂದು. ಮುಷ್ಟಿ ಹಿಡಿದರೆ ನಿಲ್ಲಿಸು, ಇಲ್ಲವೇ ನಿಂತಿದೆ ಎಂದು. ಮುಷ್ಟಿಯನ್ನು ನೋಡಿದವನು ತಾನೂ ಮುಷ್ಟಿ ಎತ್ತಿ ತೋರಿಸಬೇಕು, ಆಗಲೇ ಸುದ್ದಿ ಮುಟ್ಟಿದ ಹಾಗೆ. ಎರಡು ಬೆರಳಿನಿಂದ ಹೆಗಲು ತಟ್ಟಿದರೆ, ರಿಲೀವರ್ ಬಂದನೇ ಎಂದು. ಸಾಹೇಬರ ಬಾಯಿ ಹೋಗಿತ್ತು, ಆದರೆ ಈ ಮಾತು ಅವರಲ್ಲಿ ಉಳಿದಿತ್ತು. ಸೊಸೆ ಎರಡೇ ದಿನದಲ್ಲಿ ಕಲಿತಳು. ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅಂಗೈ ಆಡಿಸುತ್ತಿದ್ದಳು. ಸಾಹೇಬರು ಅರ್ಧ ಬಾಯಲ್ಲಿ ನಗುತ್ತಿದ್ದರು. ಮಿಲ್ಲಿನಲ್ಲಿ ಅವರು ನಕ್ಕದ್ದನ್ನು ನಾವು ಕಂಡಿರಲಿಲ್ಲ.

ಶೇಂಗಾ ಕೊಟ್ಟ ಮರುದಿನ ಎರಡು ಗಂಟೆಯಾಯಿತು, ಅವನು ಬರಲಿಲ್ಲ. ಫೋನ್ ಮಾಡಿದೆ, ಬಡಿದುಕೊಂಡು ನಿಂತಿತು. ಅವನು ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟು ಮರೆಯುವವನು, ಹಾಗಾಗಿ ನಾನು ಗಾಬರಿಯಾಗಲಿಲ್ಲ. ಸಾಹೇಬರು ಎಚ್ಚರವಾಗಿ ಎರಡು ಬೆರಳಿನಿಂದ ಹೆಗಲು ತಟ್ಟಿದರು. ಬರುತ್ತಾನೆ ಅಂತ ಅಂಗೈ ಆಡಿಸಿದೆ. ಇನ್ನೊಮ್ಮೆ ತಟ್ಟಿದರು. ಮತ್ತೆ ಆಡಿಸಿದೆ. ಅವರನ್ನು ಬಲಮಗ್ಗುಲಿಗೆ ಹೊರಳಿಸಿ, ನೀರು ಕುಡಿಸಿ, ಮತ್ತೆ ಕುರ್ಚಿಯಲ್ಲಿ ಕೂತೆ. ಹೋಗಿ ನೋಡಿ ಬರಬೇಕು ಅನಿಸುತ್ತಿತ್ತು. ಆದರೆ ಕುರ್ಚಿ ಬಿಡುವ ಹಾಗಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕೋರು ಬಂದರು. ಅವರಿಗೆ ಆ ಮನೆಗೆ ಬರುವ ಪಾಳಿ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದು ನಿಂತರು.

"ಅಣ್ಣಾರ, ನೀವು ಏಳ್ರಿ. ನಾ ಕುಂದರ್ತೇನಿ."

ಅವನ ಪಾಳಿ ಐತಿ, ಬರ್ತಾನ, ಅಂದೆ.

"ಅವ್ರು ಬರಂಗಿಲ್ಲರಿ."

ಊಟ ಮಾಡಿ, ಅಂಗಿ ಹಾಕಿಕೊಂಡು, ಇಲ್ಲಿಗೆ ಹೊರಡಲು ಕಟ್ಟೆಯ ಮೇಲೆ ಕೂತು ಚಪ್ಪಲಿಗೆ ಕಾಲು ತೂರಿಸುತ್ತಿದ್ದನಂತೆ. ಹಾಗೆಯೇ ಕಂಬಕ್ಕೆ ಒರಗಿದನಂತೆ. ನೆರೆಯವರು ರಿಕ್ಷಾ ತಂದರು, ದವಾಖಾನೆಯವರು ನೋಡಿ, ಜೀವ ಹೋಗಿದೆ, ಮನೆಗೆ ಒಯ್ಯಿರಿ ಅಂದರು. ಅವನ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ಜನ ಸೇರಿದ ಮೇಲೆ ಆಕೆ ಆಡಿದ ಮೊದಲ ಮಾತನ್ನು ಅಕ್ಕೋರು ನನಗೆ ಇದ್ದ ಹಾಗೆಯೇ ಹೇಳಿದರು.

"ಅಲ್ಲೆ ಅವ್ರು ಕುರ್ಚಿ ಬಿಟ್ಟು ಎದ್ದಿರಂಗಿಲ್ಲ. ಮೊದ್ಲ ಅಲ್ಲಿಗೆ ಯಾರನ್ನರ ಕಳಸ್ರಿ."

ಮದುವೆಯಾದಾಗಿನಿಂದ ಆಕೆಯೂ ಆ ಶಿಫ್ಟಿನ ಪದ್ಧತಿಯೊಳಗೇ ಬದುಕಿದವಳು. ಬದುಕೇ ಕುಸಿದ ಹೊತ್ತಿನಲ್ಲೂ ಕುರ್ಚಿಯಲ್ಲಿ ಕೂತ ನನ್ನ ನೆನಪು ಅವಳಿಗೆ ಬಂದಿತ್ತು.

ಸಾಹೇಬರು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಕಿವಿ ಅವರದೂ ಮಂದ, ಮಿಲ್ಲು ಎಲ್ಲರ ಕಿವಿಯನ್ನೂ ತಿಂದಿತ್ತು. ಎರಡು ಬೆರಳಿನಿಂದ ಹೆಗಲು ತಟ್ಟಿದರು. ನಾನು ಕೈ ಎತ್ತಿ ಮುಷ್ಟಿ ಹಿಡಿದೆ. ಅವರು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಎಡಗೈಯನ್ನು ಹಾಸಿಗೆಯಿಂದ ಎತ್ತಿ ಅವರೂ ಮುಷ್ಟಿ ಹಿಡಿದರು. ನಾನು ಹೊರಗೆ ಬರುವವರೆಗೂ ಅದನ್ನು ಬಿಚ್ಚಲಿಲ್ಲ.

ಹಳಿಯಾಳದ ಹತ್ತಿರದ ಅವನ ಹಳ್ಳಿಗೆ ಒಯ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತುಂಬ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಗಳು ಬರುವುದು ತಡವಾಯಿತು, ಮಣ್ಣು ಮರುದಿನ ಅಂತಾಯಿತು. ನಾನು ಅವನ ಎದುರು ಕೂತೆ. ಜನ ಬಂದರು, ಹೋದರು, ಭಜನೆಯವರು ಹಾಡಿದರು. ಇಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು.

ಮೂರು ದಿನದ ಕಾರ್ಯ ಮುಗಿಸಿಕೊಂಡು ಬಂದು, ಅಲ್ಲಿಯ ತನಕ ಕೂತಿದ್ದ ಅಕ್ಕೋರನ್ನು ಬಿಡಿಸಲು ನಾನು ಮತ್ತೆ ಸಾಹೇಬರ ಮನೆಗೆ ಹೋದೆ. ಎರಡು ಗಂಟೆಗೆ ಏಳಲಿಲ್ಲ. ಸೊಸೆ ಬಸ್ಸಿಳಿದು ಬರುವ ತನಕ ನಾನೇ ಕೂತೆ. ಬೇರೆ ಯಾರನ್ನಾದರೂ ಕಳಿಸುತ್ತೇನೆಂದು ಅಕ್ಕೋರು ಅಂದರೆ ಬೇಡ ಅಂದೆ. ಹೀಗೆ ಕೆಲವು ದಿನ ನಡೆಯಿತು. ಮೊಣಕಾಲು ಕುಂಬಳಕಾಯಿಯಂತೆ ಬಾತಿತು. ಒಂದು ದಿನ ಸಾಹೇಬರನ್ನು ಹೊರಳಿಸಲು ಹೋಗಿ ನನ್ನಿಂದ ಆಗಲೇ ಇಲ್ಲ. ಅವರು ಅರ್ಧಕ್ಕೇ ಉಳಿದರು, ನಾನು ಮಂಚದ ಕಾಲು ಹಿಡಿದುಕೊಂಡು ನಿಂತೆ. ಸಂಜೆ ಸೊಸೆ ಬಂದು ಇದನ್ನು ಕಂಡಳು. ಕೂಡಲೇ ಮುಂಡಗೋಡದ ನಾದಿನಿಗೆ ಫೋನ್ ಮಾಡಿದಳು. ಎರಡು ದಿನದಲ್ಲಿ ಮಗಳು ಗಾಡಿ ಮಾಡಿಕೊಂಡು ಬಂದಳು.

ಸಾಹೇಬರು ಮುಷ್ಟಿ ಹಿಡಿದರು. ಮಗಳು ಅತ್ತಳು. ಅವಳದೇನೂ ತಪ್ಪಿರಲಿಲ್ಲ. ಒಬ್ಬ ಕುಂಟು ಮುದುಕನನ್ನು ನಂಬಿ ಅಪ್ಪನನ್ನು ಹೇಗೆ ಬಿಡಲಿ ಕಾಕಾ, ಅಂತ ನನ್ನನ್ನೇ ಕೇಳಿದಳು. ನಾನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕೂತರೆ ಸಾಹೇಬರು ಈ ಮನೆ ಬಿಡಬೇಕಾಗುತ್ತದೆ ಎಂದು ಆಗ ನನಗೆ ತಿಳಿಯಿತು. ಅಕ್ಕೋರಿಗೆ ಯಾರನ್ನಾದರೂ ನೋಡಿರಿ ಅಂದೆ. ಅವರು ಮೊದಲೇ ನೋಡಿ ಇಟ್ಟಿದ್ದರು. ಜೋಯಿಡಾ ಕಡೆಯವನು, ಕಾಡಿನ ಇಲಾಖೆಯಲ್ಲಿ ವಾಚರ್ ಆಗಿದ್ದವನು, ಈಗ ದಾಂಡೇಲಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅವನು ಮಿಲ್ಲಿನವನಲ್ಲವಲ್ಲ ಅಂತ ಬಾಯಿ ತಪ್ಪಿ ಅಂದೆ.

"ಮಿಲ್ಲಿನವ್ರು ನೀವು ಎಷ್ಟ ಮಂದಿ ಉಳದೀರಿ? ಸುಮ್ಮ ಕೈಮಾತು ಕಲಿಸ್ರಿ ಅವಂಗ."

ಕಲಿಸಿದೆ. ಅವನ ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಎರಡು ಗಂಟೆಗೆ ಬಾ ಅಂದರೆ ಎರಡೂವರೆಗೆ ಬರುತ್ತಾನೆ. ಕಾಡಿನಲ್ಲಿ ಭೋಂಗಾ ಇರಲಿಲ್ಲ ಅನ್ನುತ್ತಾನೆ. ಆದರೆ ತೋಳಿನಲ್ಲಿ ಬಲವಿದೆ, ಸಾಹೇಬರನ್ನು ಮಗುವಿನಂತೆ ಎತ್ತಿ ಹೊರಳಿಸುತ್ತಾನೆ. ಕರಡಿಯ ಕಥೆ ಹೇಳುತ್ತಾನೆ, ಕರಡಿ ನಡೆದ ಹಾಗೆ ನಡೆದು ತೋರಿಸುತ್ತಾನೆ. ಸಾಹೇಬರು ಅಂಗೈ ಆಡಿಸುತ್ತಾರೆ. ಮುಂಡಗೋಡದ ಮಗಳು ಖಾಲಿ ಗಾಡಿಯಲ್ಲಿ ಮರಳಿ ಹೋದಳು. ಸೊಸೆ ಗಣೇಶಗುಡಿಯ ಬಸ್ಸು ತಪ್ಪಿಸಿಲ್ಲ. ಸಾಹೇಬರು ತಮ್ಮ ಮನೆಯಲ್ಲೇ ಇದ್ದಾರೆ.

ವಾಚರ್ ಬಂದ ಮೇಲೆ ನಾನು ಎಲ್ಲ ಹೇಳುತ್ತೇನೆ. ಗಂಜಿ, ಗುಳಿಗೆ, ಬೆನ್ನು, ಯಾವ ಮಗ್ಗುಲು. ಅವನು ಸರಿಯಾಗಿ ಕೇಳಿಸಿಕೊಳ್ಳುತ್ತಾನೆ. ಹೇಳಿ ಮುಗಿದ ಮೇಲೂ ನಾನು ಕುರ್ಚಿಯ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನೀವು ಹೋಗ್ರಿ, ನಾನಿದ್ದೇನೆ, ಅನ್ನುತ್ತಾನೆ ಅವನು. ಒಳ್ಳೆಯ ಮನುಷ್ಯ. ಮನೆಯಲ್ಲಿ ಹೆಂಡತಿ ನನ್ನ ಮೊಣಕಾಲು ವಿಚಾರಿಸುತ್ತಾಳೆ, ಮಗಳು ಫೋನಿನಲ್ಲಿ ವಿಚಾರಿಸುತ್ತಾಳೆ. ಅವರಿಗೆ ಏನು ಹೇಳಬೇಕೋ ಅದನ್ನು ಹೇಳುತ್ತೇನೆ.

ಎಲ್ಲ ಹೇಳಿ ಮುಗಿದ ಮೇಲೆ "ಮತ್ತ ನಿಂದು?" ಅಂತ ಕೇಳುವವನು ಇಲ್ಲ.