ಸೊಂಟದಲ್ಲಿದ್ದ ವಯರು

ಯಂತ್ರಕ್ಕೆ ಏನೋ ಮೆಟ್ಟಿಕೊಂಡಿದೆ ಎಂದು ಯಾರಾದರೂ ಅಂದರೆ, ವಯರು ಸಡಿಲವಾಗಿದೆಯೇನೋ ನೋಡಿ ಎಂದು ನಗುತ್ತಿದ್ದವನು ನಾನು. ಎಲೆಕ್ಟ್ರಾನಿಕ್ಸ್ ಓದಿದವನು ಬೇರೇನು ಹೇಳಿಯಾನು? ಐಮಂಗಲದ ಬಳಿಯ ಶೇಂಗಾ ಮಿಲ್ಲಿನಲ್ಲಿ ಆ ಒಂದು ಬೆಳಗ್ಗೆ ಕಂಡದ್ದಾದ ಮೇಲೆ ನನಗೆ ಆ ನಗು ಬರುವುದಿಲ್ಲ.

ಅಲ್ಲಿನ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವನು ನಾನೇ. ಅದು ಪ್ರತಿ ಸಲ ಶುರುವಾಗುವಾಗ, ಏನೇನು ಜೋಡಿಸಿದೆ ಎಂದು ತಾನೇ ಹುಡುಕಿ, ಸಿಕ್ಕ ಮೋಟರನ್ನು ಒಂದು ಸುತ್ತು ತಿರುಗಿಸಿ ನೋಡುತ್ತಿತ್ತು. ಕಾಯಿ ಸುರಿಯುವ ಗುಂಡಿಯ ತಳದಲ್ಲಿ ಕಬ್ಬಿಣದ ದೊಡ್ಡ ಸ್ಕ್ರೂ ಇದೆ. ಒಳಗೆ ಮನುಷ್ಯನಿದ್ದರೆ ಆ ಒಂದು ಸುತ್ತೇ ಸಾಕು. ಹಾಗಾಗಿ ಗುಂಡಿ ಶುಚಿ ಮಾಡುವ ದಿನ ನಾನು ಈ ಹುಡುಕಾಟವನ್ನು ನಿಲ್ಲಿಸಿ, ತೂಕದ ಯಂತ್ರವೊಂದನ್ನೇ ಪಟ್ಟಿಯಲ್ಲಿ ಉಳಿಸುತ್ತಿದ್ದೆ.

ಮೇನ್ ಸ್ವಿಚ್ ತೆಗೆದರೆ ಕಂಪ್ಯೂಟರೂ ಆರಿಹೋಗುತ್ತದೆಂದು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದು ತಪ್ಪೆಂದು ನನಗೂ ಗೊತ್ತಿತ್ತು. ಗುಂಡಿಗಿಳಿಯುವ ತಿಪ್ಪಣ್ಣ ಅದಕ್ಕೆ ತನ್ನದೇ ಪದ್ಧತಿ ಮಾಡಿಕೊಂಡಿದ್ದ. ಕಂಪ್ಯೂಟರಿನಿಂದ ಸ್ಕ್ರೂ ಮೋಟರಿಗೆ ಹೋಗುವ ವಯರನ್ನು ಎರಡೂ ತುದಿ ಕಿತ್ತು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ.

ಅಂದೂ ಗುಂಡಿ ಶುಚಿ ಮಾಡುವ ದಿನ; ಹುಡುಕಾಟ ನಿಲ್ಲಿಸಿದ್ದೆ, ಆದರೆ ತೂಕ ತಪ್ಪು ತೋರಿಸುತ್ತಿತ್ತು. ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆಯಬೇಕಾಯಿತು. ತಿಪ್ಪಣ್ಣ ಆಗಲೇ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದ.

"ನೀವು ಮಾಡ್ರಿ ಸಾರ್, ವಯರು ನನ್ ಹತ್ರನೇ ಐತೆ" ಎಂದ.

ಕಾಯಿ ಆರಿಸುತ್ತಿದ್ದ ರಂಗಮ್ಮ ನಕ್ಕಳು. "ಏನ್ ಮಾವ, ಡಾಬು ಜೋರೈತಲ್ಲ! ಅತ್ತೇದಾ?"

"ನಿಮ್ಮತ್ತೆ ಡಾಬು ನನ್ ಸೊಂಟಕ್ಕೆ ಮೂರು ಸುತ್ತು ಬರ್ತೈತೆ, ಸುಮ್ಕಿರೇ" ಎಂದು, ಕಾಲು ಮೇಲೆಳೆದುಕೊಂಡು ಅವಳತ್ತ ತಿರುಗಿದ. ಒಂದು ಚಪ್ಪಲಿ ಕಳಚಿ ಒಳಗೆ ಬಿತ್ತು.

ಪರದೆಯ ಮೇಲೆ ತೂಕದ ಯಂತ್ರದ ಹೆಸರು ಬಂತು. ಅದರ ಕೆಳಗೆ ಇನ್ನೊಂದು ಸಾಲು ಮೂಡಿತು: ಸ್ಕ್ರೂ ಮೋಟರ್ ಸಿಕ್ಕಿದೆ. ನಾನು ಮೌಸ್ ಹಿಡಿಯುವಷ್ಟರಲ್ಲಿ ಗುಂಡಿಯ ತಳದಲ್ಲಿ ಕಬ್ಬಿಣ ಗರ್ರೆಂದು ಒಂದು ಸುತ್ತು ತಿರುಗಿ ನಿಂತಿತು. ರಂಗಮ್ಮ ಕಿರುಚಿದಳು. ಚಪ್ಪಲಿ ಎರಡು ತುಂಡಾಗಿತ್ತು. ವಯರು ಇನ್ನೂ ತಿಪ್ಪಣ್ಣನ ಸೊಂಟದಲ್ಲೇ ಇತ್ತು.

ಸೆಟ್ಟಿಂಗ್ ತೆರೆದು ನೋಡಿದೆ. ಹುಡುಕಾಟ ನಾನು ನಿಲ್ಲಿಸಿದ ಹಾಗೇ ನಿಂತಿತ್ತು. ಆಮೇಲೆ ಚಿತ್ರದುರ್ಗದಿಂದ ಬಂದ ಎಂಜಿನಿಯರು ಎರಡು ದಿನ ಎಲ್ಲವನ್ನೂ ಬಿಚ್ಚಿ ನೋಡಿ, ಹೀಗಾಗಲು ಸಾಧ್ಯವೇ ಇಲ್ಲ ಎಂದರು. ಸಾಧ್ಯವಿಲ್ಲ ಎಂದು ನನಗೂ ಗೊತ್ತು. ಆದರೂ ಆ ಸಾಲು ಕಣ್ಣ ಮುಂದೆ ಮೂಡುತ್ತಲೇ ಇರುತ್ತದೆ. ರಂಗಮ್ಮ ಅಂದು ಬಾಯಿ ತೆರೆಯದಿದ್ದರೆ?

ವಾರ ಕಳೆದು ಮತ್ತೆ ಗುಂಡಿ ಶುಚಿ ಮಾಡಬೇಕಾಯಿತು. ಈ ಸಲ ಮೇನ್ ಸ್ವಿಚ್ಚನ್ನೇ ತೆಗೆದು ಬೀಗ ಹಾಕಿಸಿದೆ. ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ತಿಪ್ಪಣ್ಣ ಅಂಚಿನಲ್ಲಿ ಕೂತು ನನ್ನ ಮುಖ ನೋಡಿದ.

"ಇಳೀಲಾ ಸಾರ್?"

ಹೂಂ ಅನ್ನಲು ನನ್ನಿಂದ ಆಗಲಿಲ್ಲ.