ಹೆಗಲಿಗೆ ಬೀಳದ ಮಣ್ಣು

ನಮ್ಮಣ್ಣ ಕಳ್ಳನಲ್ಲ, ಕುಡುಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜೈಲಿಗೆ ಹೋದವನ ತಂಗಿ ಎಂದರೆ ಜನ ನೋಡುವ ನೋಟವೇ ಬೇರೆ. ಅವನು ಗರಡಿಯ ಪೈಲ್ವಾನ. ಸ್ವಾತಂತ್ರ್ಯ ಬಂದ ಹೊಸತು. ಮೈಸೂರಿನಲ್ಲಿ ಓಣಿಗೊಂದು ಗರಡಿಮನೆ. ಅಮ್ಮ ನಮಗೆಲ್ಲ ನೀರುಮಜ್ಜಿಗೆ ಕೊಟ್ಟು ಅವನೊಬ್ಬನಿಗೆ ಬಾದಾಮಿ ಅರೆದ ಹಾಲು ಕೊಡುತ್ತಿದ್ದಳು. ನನಗೆ ಹೊಟ್ಟೆಯುರಿಯುತ್ತಿತ್ತು, ಸುಳ್ಳೇಕೆ.

ಆ ವರ್ಷ ದಸರಾ ಕುಸ್ತಿಯಲ್ಲಿ ಅವನು ಸೋತ. ಮಾರನೆಯ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ನಾನು ಬಿಂದಿಗೆ ಹಿಡಿದು ನಿಂತಿದ್ದೆ, ಅವನು ಮುಖ ತೊಳೆಯುತ್ತಿದ್ದ. ಎದುರುಮನೆಯ ಜಟಕಾ ಗಾಡಿಯವನು ಕುದುರೆಗೆ ನೀರಿಡುತ್ತಾ, "ಏನ್ ಪೈಲ್ವಾನ್ರೇ, ಬೆನ್ನಿಗೆ ಮಣ್ಣು ಹತ್ಬುಡ್ತಂತೆ?" ಎಂದ. ಎಲ್ಲರನ್ನೂ ಕೆಣಕುವ ಬಾಯಿ ಅದು, ಮನಸ್ಸು ಕೆಟ್ಟದ್ದಲ್ಲ. ಅಣ್ಣ ಅವನ ಬಲಗೈ ಹಿಡಿದ. ಗರಡಿಯಲ್ಲಿ ಕಲಿತ ಪಟ್ಟನ್ನು ಬೀದಿಯಲ್ಲಿ ಹಾಕುವುದಿಲ್ಲ ಎಂದು ಪೈಲ್ವಾನರು ಹನುಮಂತನ ಪಟದ ಮುಂದೆ ಆಣೆ ಮಾಡಿರುತ್ತಾರೆ. ಆ ಆಣೆ ಅವತ್ತು ಎಲ್ಲಿ ಹಾಳಾಗಿ ಹೋಗಿತ್ತೋ. ಮೊಣಕೈ ಮುರಿದ ಸದ್ದು ನನಗೂ ಕೇಳಿಸಿತು.

ಅವನಿಗೆ ಎರಡು ವರ್ಷ ಶಿಕ್ಷೆಯಾಯಿತು. ಅಮ್ಮನೂ ನಾನೂ ನೋಡಲು ಹೋದಾಗಲೆಲ್ಲ ಒಂದೇ ಮಾತು: "ಬಂದವ್ನೇ ಗರಡಿಗೆ ಹೋಯ್ತೀನಿ ಕಣಮ್ಮ." ಜೈಲಿನಲ್ಲಿ ಕಂಬಳಿ ನೇಯುತ್ತಾ ಅವನ ತೋಳುಗಳು ಕರಗಿಹೋಗಿದ್ದವು. ಅದೊಂದು ಆಸೆಯ ಮೇಲೆಯೇ ಅವನು ಜೀವ ಹಿಡಿದುಕೊಂಡಿದ್ದ. ಇತ್ತ ಜಟಕಾದವನು ಕುದುರೆ ಮಾರಿದ. ಅವನ ಹೆಂಡತಿ ಹೂ ಕಟ್ಟಿ ಮಾರತೊಡಗಿದಳು. ನಲ್ಲಿಯ ಹತ್ತಿರ ದಿನವೂ ಸಿಗುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಿಡುಗಡೆಯಾದ ಮರುದಿನವೇ ಅಣ್ಣ ತಲೆಗೆ ನೀರು ಹಾಕಿಕೊಂಡು ಗರಡಿಗೆ ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದ. ಹೆಂಗಸರು ಒಳಗೆ ಹೋಗುವಂತಿಲ್ಲ, ನಾನು ಹೊರಗೇ ನಿಂತೆ. ಅವನೂ ಒಳಗೆ ಹೋಗಲಿಲ್ಲ. ಅವನಿಗೆ ಕುಸ್ತಿ ಕಲಿಸಿದ ಉಸ್ತಾದರು ಬಾಗಿಲಲ್ಲೇ ತಡೆದರು.

"ಜೈಲು ಸರ್ಕಾರದ ಲೆಕ್ಕಕ್ಕಾಯ್ತು ಕಣಪ್ಪ, ಗರಡಿಗೆ ಆಗ್ಲಿಲ್ಲ," ಎಂದರು.

ಕುಸ್ತಿಗೆ ಮುಂಚೆ ಎದುರಾಳಿ ಪೈಲ್ವಾನನ ಹೆಗಲಿಗೆ ಒಂದು ಹಿಡಿ ಮಣ್ಣು ಹಾಕುತ್ತಾನೆ, ಮನಸ್ಸಿನಲ್ಲಿ ಹಗೆಯಿಲ್ಲ ಎಂದು. ಆ ಮಣ್ಣನ್ನು ಜಟಕಾದವನ ಕೈಯಿಂದ ಹಾಕಿಸಿಕೊಂಡು ಬಾ, ಆಮೇಲೆ ಒಳಗೆ ಬಾ ಎಂದು ಹೇಳಿ, ಅರಿಶಿನ ಎಣ್ಣೆ ಬೆರೆತ ಕೆಂಪು ಮಣ್ಣನ್ನು ಅಣ್ಣನ ಹೆಗಲವಸ್ತ್ರಕ್ಕೆ ಸುರಿದರು. ಈ ಮುದುಕನಿಗೇನು ಬಂತು ರೋಗ ಎಂದು ದಾರಿಯುದ್ದಕ್ಕೂ ಶಪಿಸಿದೆ.

ಜಟಕಾದವನು ಜಗಲಿಯ ಮೇಲೆ ಕೂತಿದ್ದ. ಅಣ್ಣ ಮಣ್ಣಿನ ಗಂಟು ಬಿಚ್ಚಿಟ್ಟು, ವಿಷಯ ಹೇಳಿ, ಹೆಗಲು ಬಗ್ಗಿಸಿ ಕೂತ. ಜಟಕಾದವನು ಮಣ್ಣಿನ ಕಡೆ ಬಾಗಿದ.

"ಹಾಕ್ತೀನಿ ಬುಡು. ಎಷ್ಟ್ ದಿನ ಅಂತ ಹಲ್ಲು ಕಡ್ಕೊಂಡಿರ್ಲಿ," ಎಂದು ಬಲಗೈ ಚಾಚಿದ.

ಮೊಣಕೈ ಮುರಿದಾಗಲೇ ನರ ಸತ್ತಿದ್ದ ಬೆರಳುಗಳು ಮಡಚಿಕೊಳ್ಳಲಿಲ್ಲ. ಬಾಚಿದ ಮಣ್ಣು ಹೆಗಲು ಮುಟ್ಟುವ ಮೊದಲೇ ಸಂದಿಯಿಂದ ಜಾರಿತು. ಮತ್ತೆ ಬಾಚಿದ, ಮತ್ತೆ ಜಾರಿತು. ತಪ್ಪು ತನ್ನದೇ ಎಂಬಂತೆ ನಾಚಿ ನಕ್ಕ.

"ನಿಲ್ತಾ ಇಲ್ಲ ಕಣಪ್ಪ. ಎಡಗೈಲಿ ಹಾಕಿದ್ರೆ ಆಯ್ತದಾ?"

ಅಣ್ಣ ತಲೆಯೆತ್ತಿ ಆ ಕೈ ನೋಡಿದ. ಎರಡು ವರ್ಷ ಅವನು ಗರಡಿಯನ್ನು ನೆನೆದಿದ್ದ, ಈ ಕೈಯನ್ನಲ್ಲ.

ಒಳಗಿಂದ ಜಟಕಾದವನ ಹೆಂಡತಿ ಪೊರಕೆ ಹಿಡಿದು ಬಂದು, ಚೆಲ್ಲಿದ ಮಣ್ಣನ್ನು ಬೀದಿಗೆ ಗುಡಿಸಿದಳು. ಅಷ್ಟು ದಿನಕ್ಕೆ ನಮ್ಮೊಂದಿಗೆ ಆಡಿದ ಮೊದಲ ಮಾತು ಅದು:

"ಅನ್ನನೂ ಇಂಗೇ ಚೆಲ್ಲೋಯ್ತದೆ. ಎಡಗೈಲಿ ಉಣ್ಣಕ್ಕಿಲ್ಲ ಅಂತಾರೆ. ನಾನೇ ತುತ್ತು ಇಡ್ತೀನಿ."

ಅಣ್ಣ ಎದ್ದು ಮನೆಗೆ ಬಂದ. ಗರಡಿಯ ಕಡೆ ಮತ್ತೆ ಹೋಗಲಿಲ್ಲ. ಅವತ್ತು ಅಮ್ಮ ಬಡಿಸಿದ ತಟ್ಟೆಯ ಮುಂದೆ ಬಲಗೈ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.