ಬೆಳವಕ್ಕಿಗೆಂದು ಉಳಿಸಿದ ಫೋಟೋ

ಕೆಜಿಎಫ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಗಣಿಯೊಳಗಿನ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಪಾರ್ಕಿಗೆ ಹೊರಡುವರು. ಸಂಜೆ ಕಾನ್ವೆಂಟ್ ಬಿಟ್ಟ ಮೇಲೆ ನಾನೂ ಹಿಂದೆಯೇ ಹೋಗುತ್ತಿದ್ದೆ. ಒಂದೇ ಜಕರಂಡಾ ಮರವನ್ನು ಬೋಳಾದಾಗ, ಹೂಬಿಟ್ಟಾಗ, ಚಿಗುರಿದಾಗ ಬಿಡದೆ ಕ್ಯಾಮೆರಾದಲ್ಲಿ ಹಿಡಿಯುವರು. "ಅವಸರ ಬ್ಯಾಡ ಅಮ್ಮಣ್ಣಿ, ಮೊದ್ಲು ಅದು ನಮ್ಮುನ್ನ ನೋಡ್ಲಿ," ಅನ್ನುವರು.

ಒಂದು ಏಪ್ರಿಲ್‌ನಲ್ಲಿ ಫಿಲ್ಮ್ ರೋಲ್‌ನಲ್ಲಿ ಕೊನೆಯ ಒಂದೇ ಫೋಟೋ ಉಳಿದಿತ್ತು. ತಗ್ಗು ಕೊಂಬೆಯ ಗೂಡಿನಲ್ಲಿ ಮರಿಗಳ ಮೇಲೆ ಕೂತ ಬೆಳವಕ್ಕಿಗೆಂದೇ ಅದು ಮೀಸಲು.

"ಒಸ ರೋಲ್ ಬೆಂಗ್ಳೂರಿಂದ ಬರೋ ಒತ್ಗೆ ಮರಿ ಗೂಡು ಬಿಟ್ಟಿರ್ತವೆ. ಕೆಮ್ಮಿದ್ರೆ ನಿಮ್ಮ ಕಾನ್ವೆಂಟ್ ಸಿಸ್ಟರ್‌ಗೆ ಯೋಳ್ತೀನಿ," ಎಂದು ಪಿಸುಗುಟ್ಟಿ ಕ್ಯಾಮೆರಾ ಎತ್ತಿದರು.

ಅಷ್ಟರಲ್ಲಿ ಗಣಿಯ ಆಳದಲ್ಲಿ ಬಂಡೆ ತಾನಾಗಿಯೇ ಸಿಡಿದು ನೆಲ ನಡುಗಿತು. ಪಾರ್ಕಿನ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಜಕರಂಡಾ ಹೂ ನಮ್ಮ ಮೇಲೆ ಸುರಿಯಿತು. ಬೆಳವಕ್ಕಿ ಮಾತ್ರ ರೆಕ್ಕೆ ಅಗಲಿಸಿ, ಮರಿಗಳನ್ನು ಇನ್ನಷ್ಟು ಒತ್ತಿ ಕೂತಿತು. ಓ, ಹೌ ಬ್ಯೂಟಿಫುಲ್.

"ಕ್ಲಿಕ್ ಮಾಡಿ ಅಂಕಲ್," ಎಂದೆ.

ಅವರು ತಮ್ಮ ಕೊರಳಿಂದ ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದರು. "ನೀನೇ ತೆಗಿ ಅಮ್ಮಣ್ಣಿ. ಕೆಳಗೆ ನಮ್ಮೋರವ್ರೆ."

ತಲೆಯ ಮೇಲಿನ ಹೂವನ್ನೂ ಕೊಡವದೆ ಗಣಿಯ ಕಡೆಗೆ ಓಡಿದರು. ನಾನು ಬೆಳವಕ್ಕಿಯಿಂದ ಕ್ಯಾಮೆರಾ ತಿರುಗಿಸಿ, ಓಡುತ್ತಿದ್ದ ಅವರ ಬೆನ್ನು ಮರೆಯಾಗುವ ಮುಂಚೆ ಶಟರ್ ಒತ್ತಿದೆ.